ಮೂರನೇ ಕಿಟಕಿಯ ಗೋಡೆ

ನಮ್ಮೂರಿನಲ್ಲಿ ಮುಖ್ಯವಾದ ಮಾತನ್ನು ಮನೆಯೊಳಗೆ ಆಡುತ್ತಾರೆ, ಚಾಡಿಯನ್ನು ಜಗಲಿಯ ಮೇಲೆ ಆಡುತ್ತಾರೆ. ಒಳಗೆ ಆಡಿದ್ದು ಗೋಡೆಗೆ ಹತ್ತುತ್ತದೆ, ಹೊರಗೆ ಆಡಿದ್ದು ಗಾಳಿಗೆ ಹೋಗುತ್ತದೆ. ಗೋಡೆಗೆ ಹತ್ತಿದ ಮಾತನ್ನು ಪೊರಕೆಯಿಂದ ಗುಡಿಸಿದರೆ ಆಡಿದವರ ದನಿಯಲ್ಲೇ ಒಂದು ಸಲ ಕೇಳಿಸಿ ಮುಗಿದುಹೋಗುತ್ತದೆ. ಅದಕ್ಕೇ ನಮ್ಮ ಹೆಂಗಸರು ದಿನಾ ಬೆಳಿಗ್ಗೆ ನೆಲಕ್ಕಿಂತ ಮೊದಲು ಗೋಡೆ ಗುಡಿಸುತ್ತಾರೆ. ಹಿಂದಿನ ದಿನ ಗಂಡ ಗೊಣಗಿದ್ದನ್ನು ಇನ್ನೊಂದು ಸಲ ಕೇಳಿ, ಇನ್ನೊಂದು ಸಲ ಬೈದು, ಆಮೇಲೆ ಒಲೆ ಹಚ್ಚುತ್ತಾರೆ. ಹೆಣ್ಣು ನೋಡಲು ಬಂದವರು ಮಾತುಕತೆಗೆ ನಡುಮನೆಗೇ ಬರಬೇಕು. ಜಗಲಿಯಲ್ಲಿ ಒಪ್ಪಿದ ಸಂಬಂಧವನ್ನು ಯಾರೂ ಸಂಬಂಧ ಅನ್ನುವುದಿಲ್ಲ. ಕ್ಷೌರದ ಅಂಗಡಿಯವನು ತನ್ನ ಕುರ್ಚಿಯನ್ನು ಬೇವಿನ ಮರದ ಕೆಳಗೆ ಹಾಕಿಕೊಂಡಿದ್ದಾನೆ. ಸೂರಿನಡಿ ಹಾಕಿದರೆ ಅವನ ಹತ್ತಿರ ಯಾರು ಬಾಯಿ ಬಿಡುತ್ತಾರೆ?

ಹೈಸ್ಕೂಲಿನ ಗೋಡೆಗಳನ್ನು ಮಾತ್ರ ವರ್ಷಕ್ಕೊಂದೇ ಸಲ ಗುಡಿಸುವುದು. ಪರೀಕ್ಷೆ ಮುಗಿದು ಬೇಸಿಗೆ ರಜೆ ಶುರುವಾಗುವ ಮುಂಚಿನ ಶನಿವಾರ ಇಡೀ ಊರು ಸ್ಕೂಲಿಗೆ ಬರುತ್ತದೆ. ಹುಡುಗರು ಬೆಂಚುಗಳನ್ನೆಲ್ಲ ಬಯಲಿಗೆ ಎಳೆದು ಸೀಗೆಪುಡಿ ಹಾಕಿ ತಿಕ್ಕಿ ತೊಳೆದಿರುತ್ತಾರೆ. ಹತ್ತನೇ ತರಗತಿಯವರು ಪಾನಕ ಮಾಡುತ್ತಾರೆ, ತಾಯಂದಿರು ಡಬ್ಬಿಗಳಲ್ಲಿ ಕೋಸಂಬರಿ ತರುತ್ತಾರೆ. ಒಂದೊಂದು ತರಗತಿಗೆ ಒಬ್ಬ ವಿದ್ಯಾರ್ಥಿ ಪೊರಕೆ ಹಿಡಿಯಬೇಕು. ಉಳಿದವರು ಗೋಡೆಯುದ್ದಕ್ಕೂ ನಿಂತು ಕೇಳಬೇಕು. ಆ ಹೊತ್ತಿನಲ್ಲಿ ಒಳಗೆ ಯಾರೂ ತುಟಿ ಪಿಟಕ್ ಅನ್ನುವ ಹಾಗಿಲ್ಲ. ಮೇಷ್ಟ್ರು ಏನು ಕಲಿಸಿದರು, ಮಕ್ಕಳು ಏನು ಕಲಿತರು, ಯಾರ ಮಗ 'ಹೊರಗೆ ಹೋಗ್ಲಾ ಸರ್' ಅಂತ ಎಷ್ಟು ಸಲ ಕೇಳಿದ ಅನ್ನುವುದೆಲ್ಲ ಊರಿಗೆ ಗೊತ್ತಾಗುವುದು ಆವತ್ತೇ. ಆಮೇಲೆ ಸುಣ್ಣ ಬಳಿದು ಬೀಗ ಹಾಕುತ್ತಾರೆ. ಸುಣ್ಣ ಬಳಿದ ಕೋಣೆಯಲ್ಲಿ ಜೂನ್ ತಿಂಗಳವರೆಗೆ ಯಾರೂ ಮಾತಾಡುವಂತಿಲ್ಲ. ಶಾಲೆ ತೆರೆದ ದಿನ ಹೆಡ್ ಮಿಸ್ಟ್ರೆಸ್ ಶಾರದಮಣಿ ಮೇಡಂ ಒಬ್ಬರೇ ಮೊದಲು ಒಳಗೆ ಹೋಗಿ 'ಬನ್ನಿ ಮಕ್ಕಳೇ' ಅನ್ನುತ್ತಾರೆ. ಮೊದಲು ಬಿದ್ದ ಮಾತಿನ ಹಾಗೇ ಆ ವರ್ಷ ನಡೆಯುತ್ತದೆ ಅಂತ ನಮ್ಮ ನಂಬಿಕೆ.

ನಾನು ಈ ಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ಗಣಿತ ಹೇಳುತ್ತಿದ್ದೇನೆ. ಹೆಸರು ವಿರೂಪಾಕ್ಷಯ್ಯ. ನಿಜ ಹೇಳಬೇಕೆಂದರೆ, ಗೋಡೆ ಗುಡಿಸುವ ದಿನ ಜನ ಹೆಚ್ಚು ಸೇರುತ್ತಿದ್ದದ್ದು ನನ್ನ ತರಗತಿಗಳಿಗೆ. ಗಣಿತದ ಮೇಲಿನ ಪ್ರೀತಿಯಿಂದಲ್ಲ, ನನ್ನ ನಾಲಿಗೆಯ ದೆಸೆಯಿಂದ. ದಶಮಾಂಶದ ಚುಕ್ಕಿಯನ್ನು ತಪ್ಪು ಜಾಗದಲ್ಲಿ ಇಟ್ಟ ಹುಡುಗನಿಗೆ 'ನೀನು ಚುಕ್ಕಿ ಇಡೋದು ನೋಡಿದ್ರೆ ನಿಮ್ಮಮ್ಮ ರಂಗೋಲಿ ಹಾಕೋದನ್ನೇ ಬಿಟ್ಟುಬಿಡ್ತಾರಲ್ಲೋ' ಅಂದಿದ್ದೆ. ಅದು ಗೋಡೆಯಿಂದ ಬಿದ್ದ ವರ್ಷ ಅವನ ತಾಯಿಯೇ ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆದು ಹೊರಗೆ ಓಡಿಹೋಗಿದ್ದಳು. ಜನ ನಗುವುದನ್ನು ನೋಡುತ್ತಾ ಬಾಗಿಲ ಹತ್ತಿರ ಏನೂ ಗೊತ್ತಿಲ್ಲದವನ ಹಾಗೆ ನಿಂತುಕೊಳ್ಳುವುದು ನನಗೆ ವರ್ಷದ ಹಬ್ಬ. ಪಾಠದ ಟಿಪ್ಪಣಿಯ ಅಂಚಿನಲ್ಲಿ ಒಳ್ಳೆಯ ತಮಾಷೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುತ್ತಿದ್ದೆ ಅಂತ ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಬರೆದಿಟ್ಟುಕೊಳ್ಳದೆ ಬಂದ ತಮಾಷೆಯೊಂದು ನನ್ನನ್ನು ಇಲ್ಲಿಗೆ ತಂದು ನಿಲ್ಲಿಸಿತು. ಒಂಬತ್ತನೇ ಬಿ ವಿಭಾಗದಲ್ಲಿ ಕಸ್ತೂರಿ ಅಂತ ಒಬ್ಬಳು ಹುಡುಗಿ. ಮೂರನೇ ಕಿಟಕಿಯ ಪಕ್ಕದ ಬೆಂಚು ಅವಳದು. ಮಾತು ತೊದಲುತ್ತಿತ್ತು, ಅದರಲ್ಲೂ 'ಕ' ಬಂದರೆ ಮುಗಿಯಿತು, ಹಾಜರಿ ಕೂಗುವಾಗ ತನ್ನ ಹೆಸರು ಹೇಳಲಿಕ್ಕೂ ಕಷ್ಟಪಡುತ್ತಿದ್ದಳು. ಶ್ರಾವಣದ ಒಂದು ಮಧ್ಯಾಹ್ನ, ಊಟದ ಗಂಟೆಗೆ ಐದು ನಿಮಿಷ ಇರುವಾಗ, ಹಲಗೆಯ ಮೇಲೆ ಎರಡು ಸಮಾಂತರ ರೇಖೆ, ಅವನ್ನು ಕತ್ತರಿಸುವ ಇನ್ನೊಂದು ರೇಖೆ ಎಳೆದು 'ಇದು ಯಾವ ಕೋನ?' ಅಂತ ಅವಳನ್ನು ಕೇಳಿದೆ. ಎದ್ದು ನಿಂತಳು. 'ಪರ್ಯಾಯ' ಅಂದಳು. 'ಕ' ಅಂದಳು. ಮತ್ತೆ 'ಕ' ಅಂದಳು. ನನಗೆ ಹಸಿವು. ಅವಳ ಬೆಂಚಿನವರೆಗೆ ನಡೆದುಹೋಗಿ ಕಿಟಕಿಗೆ ಆತುಕೊಂಡು ಹೇಳಿದೆ:

"ಏನೇ, ಕಾಗೆ ಕರೀತಿದೀಯಾ? ಕಾ, ಕಾ! ಯಾರದು ತಿಥಿ ಇವತ್ತು? ಎಲೆ ಹಾಕಿಸ್ಲಾ?"

ತರಗತಿ ಗೊಳ್ಳೆಂದಿತು. ಅವಳು ಕೂತಳು. ಗಂಟೆ ಹೊಡೆಯಿತು, ನಾನು ಹಲಗೆ ಒರೆಸಿ ಬಂದೆ. ಸ್ಟಾಫ್ ರೂಮಿನಲ್ಲಿ ಊಟ ಮಾಡುವಾಗ ಹೊಲಿಗೆ ಟೀಚರ್ ಯಾವುದೋ ಮಾತಿಗೆ ಹೇಳಿದರು, ಆ ಹುಡುಗಿಯ ಅಪ್ಪ ಹೋದ ವರ್ಷ ಲಾರಿಗೆ ಮೂಟೆ ಹಾಕುವಾಗ ಬಿದ್ದು ತೀರಿಕೊಂಡನಂತೆ, ವರ್ಷದ ತಿಥಿ ಕಳೆದ ಸೋಮವಾರವಷ್ಟೇ ಆಯಿತಂತೆ. ಬಾಯಲ್ಲಿದ್ದ ತುತ್ತನ್ನು ನೀರು ಕುಡಿದು ಇಳಿಸಿಕೊಂಡೆ. ನನಗೇನು ಗೊತ್ತಿತ್ತು ಅಂತ ನನಗೆ ನಾನೇ ಹೇಳಿಕೊಂಡೆ. ಅವಳನ್ನು ಕರೆದು ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಅದರ ಬದಲು ಆವತ್ತಿನಿಂದ ಅವಳಿಗೆ ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇದನ್ನು ನಾನು ಕರುಣೆ ಅಂತ ಕರೆದುಕೊಂಡಿದ್ದೆ.

ಮಾರ್ಚ್ ಮುಗಿಯುತ್ತಾ ಬಂದ ಹಾಗೆ ನನ್ನ ನಿದ್ದೆ ಕೆಟ್ಟಿತು. ಆ ಮಾತು ಮೂರನೇ ಕಿಟಕಿಯ ಗೋಡೆಯಲ್ಲಿ, ನಲವತ್ತು ಮಕ್ಕಳ ನಗುವಿನ ಸಮೇತ, ಹಾಗೇ ಇತ್ತು. ಶನಿವಾರ ಊರಿನವರೆಲ್ಲ ಅದನ್ನು ಕೇಳುತ್ತಾರೆ. ಕಸ್ತೂರಿಯ ತಾಯಿ ಚೌಡಮ್ಮನೂ ಕೇಳುತ್ತಾಳೆ. ಚೌಡಮ್ಮ ಸ್ಕೂಲಿನ ಎದುರಿಗೇ ಇಸ್ತ್ರಿ ಗಾಡಿ ಇಟ್ಟುಕೊಂಡವಳು. ನಾನು ಹಾಕಿಕೊಳ್ಳುವ ಶರ್ಟುಗಳನ್ನೆಲ್ಲ ಅವಳೇ ಇಸ್ತ್ರಿ ಮಾಡುವುದು. ಕಾಲರಿಗೆ ಗಂಜಿ ಎಷ್ಟು ಬೇಕು ಅಂತ ನನ್ನ ಹೆಂಡತಿಗಿಂತ ಚೆನ್ನಾಗಿ ಅವಳಿಗೆ ಗೊತ್ತು.

ಗುಡಿಸುವ ದಿನ ಬರುವ ಮುಂಚೆ ಸ್ಕೂಲಿನ ಗೋಡೆಗೆ ಪೊರಕೆ ಮುಟ್ಟಿಸುವುದು ನಮ್ಮಲ್ಲಿ ಕಳ್ಳತನಕ್ಕಿಂತ ಕೀಳು. ನಾನು ಹೊಸದಾಗಿ ಸೇರಿದಾಗ ಡ್ರಾಯಿಂಗ್ ಮೇಷ್ಟ್ರೊಬ್ಬರು ಹಾಗೆ ಮಾಡಿ ಸಿಕ್ಕಿಬಿದ್ದಿದ್ದರು. ಯಾರೂ ಅವರನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಆದರೆ ಆಮೇಲೆ ಯಾವ ಮನೆಯವರೂ ಅವರನ್ನು ಒಳಗೆ ಕರೆಯಲಿಲ್ಲ. ಜಗಲಿಯ ಮೇಲೇ ಮಾತಾಡಿಸಿ, ಜಗಲಿಯ ಮೇಲೇ ಕಾಫಿ ಕೊಟ್ಟು ಕಳಿಸುತ್ತಿದ್ದರು. ಒಂದು ವರ್ಷ ತಡೆದುಕೊಂಡು ಊರು ಬಿಟ್ಟು ಹೋದರು. ಇದೆಲ್ಲ ಗೊತ್ತಿದ್ದೂ ನಾನು ಗುಡಿಸಿದೆ.

ಗುರುವಾರ ಸಾಯಂಕಾಲ ಮೇಷ್ಟ್ರುಗಳಿಗೂ ಹತ್ತನೇ ತರಗತಿಯವರಿಗೂ ವಾಲಿಬಾಲ್ ಪಂದ್ಯ. ಎಲ್ಲರೂ ಮೈದಾನದಲ್ಲಿದ್ದರು. ನನಗೆ ಮಂಡಿನೋವು, ಆಡು ಅಂತ ಯಾರೂ ಕರೆಯುವುದಿಲ್ಲ. ಅಟೆಂಡರ್ ಗಫೂರ್ ಸಾಬರ ಹತ್ತಿರ ಹೋಗಿ, ಒಂಬತ್ತನೇ ಬಿ ಯಲ್ಲಿ ಹಾಜರಿ ರಿಜಿಸ್ಟರ್ ಬಿಟ್ಟುಬಂದಿದ್ದೇನೆ ಅಂತ ಬೀಗದಕೈ ಇಸಿದುಕೊಂಡೆ. ಬಾಗಿಲ ಹಿಂದಿದ್ದ ಪೊರಕೆ ತೆಗೆದುಕೊಂಡು ಮೂರನೇ ಕಿಟಕಿಯ ಹತ್ತಿರ ನಿಂತೆ. ಹೊರಗೆ ಹುಡುಗರು ಕೇಕೆ ಹಾಕುತ್ತಿದ್ದರು. ಗೋಡೆಗೆ ಒಂದು ಎಳೆದೆ.

ನನ್ನ ದನಿ ಬರಲಿಲ್ಲ. ಒಬ್ಬಳು ಹುಡುಗಿಯ ದನಿ ಬಂತು.

"ಎಬಿಸಿ ಒಂದು ತ್ರಿಭುಜ. ಶೃಂಗ ಎ ಮೂಲಕ ಬಿಸಿ ಬಾಹುವಿಗೆ ಸಮಾಂತರವಾಗಿ ಒಂದು ರೇಖೆ ಎಳೆಯಬೇಕು. ಈಗ ಈ ಕೋನವೂ ಕೆಳಗಿನ ಈ ಕೋನವೂ ಪರ್ಯಾಯ ಕೋನಗಳು, ಆದ್ದರಿಂದ ಸಮ..."

ಒಂದೇ ಜಾಗದಲ್ಲಿ ಎರಡು ಮಾತು ಬಿದ್ದಿದ್ದರೆ ಮೇಲಿನದು ಚೊಕ್ಕವಾಗಿ ಕೇಳುತ್ತದೆ, ಅಡಿಯದು ಗುಜುಗುಜು ಅಂದುಕೊಂಡು ಅದರ ಜೊತೆಗೇ ಹೋಗುತ್ತದೆ. ಹುಡುಗಿಯ ಮಾತಿನ ಅಡಿಯಲ್ಲಿ ಒಂದು ಗಂಡುದನಿಯ ಗೊಣಗು, ಅದರ ಹಿಂದೆ ಸದ್ದಿಲ್ಲದಂಥ ಒಂದು ನಗು. ಅದು ನನ್ನದು ಅಂತ ನನಗೆ ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಅಯ್ಯೋ, ಸುಮ್ಮನಿದ್ದಿದ್ದರೂ ಆಗುತ್ತಿತ್ತಲ್ಲ ಅಂತ ನಗು ಬಂತು. ಯಾವಳೋ ಪುಣ್ಯಾತ್ಮೆ ಪರೀಕ್ಷೆಗೆ ಓದಿಕೊಳ್ಳುತ್ತಾ ನನ್ನ ಮಾತಿನ ಮೇಲೇ ಪ್ರಮೇಯ ಹೇಳಿ ಮುಚ್ಚಿಬಿಟ್ಟಿದ್ದಳು. ಹುಡುಗಿ ಒಂದು ಕಡೆಯೂ ತಡವರಿಸದೆ ಮುಂದುವರಿಸಿದಳು. 'ಆದ್ದರಿಂದ ತ್ರಿಭುಜದ ಮೂರು ಕೋನಗಳ ಮೊತ್ತ ನೂರ ಎಂಬತ್ತು ಡಿಗ್ರಿ ಎಂದು ಸಾಧಿಸಿದೆ' ಅಂದು ನಿಲ್ಲಿಸಿದಳು. ಚೆನ್ನಾಗಿ ಓದಿದ್ದಾಳೆ ಯಾರೋ, ನಾಲ್ಕಕ್ಕೆ ನಾಲ್ಕು ಕೊಡಬಹುದು ಅಂತ ಮನಸ್ಸಿನಲ್ಲೇ ಅಂಕ ಹಾಕಿದೆ. ಇನ್ನೆರಡು ಸಲ ಗುಡಿಸಿ ಏನೂ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಂಡು, ಪೊರಕೆ ಇದ್ದಲ್ಲೇ ಇಟ್ಟು, ಮೈದಾನಕ್ಕೆ ಹೋಗಿ ಮೇಷ್ಟ್ರುಗಳ ಪರವಾಗಿ ಚಪ್ಪಾಳೆ ತಟ್ಟಿದೆ.

ಶನಿವಾರ ಬೆಳಿಗ್ಗೆ ಇಸ್ತ್ರಿ ಗಾಡಿಯ ಮೇಲೆ ಗೋಣಿತಾಟು ಮುಚ್ಚಿತ್ತು. ಚೌಡಮ್ಮ ಹಸಿರು ಸೀರೆ ಉಟ್ಟು ಸ್ಕೂಲಿಗೆ ಬಂದಿದ್ದಳು, ಗೆರೆ ಹೊಡೆದಂಥ ಮಡಿಕೆ. ಅವಳ ಬೀದಿಯ ಹೆಂಗಸರು ಆರೇಳು ಜನ ಜೊತೆಗೆ. ನನ್ನನ್ನು ನೋಡಿ ಅಂಗಳದಲ್ಲಿ ನಿಲ್ಲಿಸಿದಳು.

"ಮೇಷ್ಟ್ರೇ, ಈ ಸಲ ನಮ್ ಕಸ್ತೂರಿ ಮಾತು ಐತಂತೆ ಗ್ವಾಡೇಲಿ. ಪೂರ್ತಿ ಒಂದು ಪಾಠ ಹೇಳವ್ಳಂತೆ, ಎಲ್ಲೂ ನಿಲ್ದಂಗೆ. ಫೆಬ್ರವರಿನಾಗೆ ಎಲ್ರೂ ಊಟಕ್ಕೋದಾಗ ಒಬ್ಳೇ ಕೋಣೇಲಿ ನಿಂತ್ಕಂಡು ಹೇಳಿದ್ಲಂತೆ. ಅವಳಿಗೆ ಜನ ಇಲ್ದಿದ್ರೆ ಬರ್ತೈತೆ ಮೇಷ್ಟ್ರೇ, ಜನದ ಮುಂದೇನೇ ಆಗಾಕಿಲ್ಲ. ನಾನೇ ಇದುವರ್ಗೂ ಕೇಳಿಲ್ಲ. ಅದ್ಕೇ ಇವ್ರ್ನೆಲ್ಲಾ ಎಳ್ಕಂಡ್ ಬಂದೆ."

ಎಲ್ಲಿ ನಿಂತು ಹೇಳಿದಳು ಅಂತ ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಆ ದನಿಯಲ್ಲಿ 'ಕೋನ' ಅನ್ನುವ ಮಾತು ಹತ್ತು ಹನ್ನೆರಡು ಸಲ ಬಂದಿತ್ತು. ಹತ್ತು ಹನ್ನೆರಡು ಸಲವೂ ನೀರು ಹರಿದ ಹಾಗೆ ಬಂದಿತ್ತು. "ಒಳ್ಳೇದಾಯ್ತು ಚೌಡಮ್ಮ" ಅಂದೆ.

ಒಂಬತ್ತನೇ ಬಿ ಯ ಸರದಿ ಬಂದಾಗ ಪೊರಕೆ ಹಿಡಿದವಳು ಕಸ್ತೂರಿಯೇ. ತನಗೇ ಕೊಡಬೇಕು ಅಂತ ಚೀಟಿ ಬರೆದು ಹೆಡ್ ಮೇಡಂಗೆ ಕೊಟ್ಟಿದ್ದಳಂತೆ. ಎಲ್ಲರೂ ಗೋಡೆಯುದ್ದಕ್ಕೂ ನಿಂತರು. ಹಲಗೆಯ ಕಡೆಯಿಂದ ಶುರು ಮಾಡಿದಳು. ನನ್ನ ಪಾಠಗಳು ಬಂದವು, ನನ್ನ ತಮಾಷೆಗಳು ಬಂದವು, ಜನ ಬಾಯಿ ಮುಚ್ಚಿಕೊಂಡು ನಕ್ಕರು. ಮೊದಲನೇ ಕಿಟಕಿ, ಎರಡನೇ ಕಿಟಕಿ. ಮೂರನೆಯದರ ಹತ್ತಿರ ಬಂದಾಗ ಒಂದು ಕ್ಷಣ ನಿಂತು ಅಮ್ಮನ ಕಡೆ ನೋಡಿದಳು. ಅವಳು ನಕ್ಕದ್ದನ್ನು ಆ ವರ್ಷ ನಾನು ಮೊದಲ ಸಲ ನೋಡಿದೆ. ಪೊರಕೆ ಎಳೆದಳು.

ಏನೂ ಬರಲಿಲ್ಲ.

ಮತ್ತೆ ಎಳೆದಳು. ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ. ಕಿಟಕಿಯ ಚೌಕಟ್ಟಿನ ಸುತ್ತ, ಬೆಂಚು ತಾಗಿ ಸವೆದ ಗೆರೆಯ ಉದ್ದಕ್ಕೂ. ಆ ಜಾಗ ಬೋಳಾಗಿತ್ತು. ಚೌಡಮ್ಮ ಕತ್ತು ಮುಂದೆ ಚಾಚಿ ನಿಂತಿದ್ದಳು; ಅವಳ ಬೀದಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಸ್ತೂರಿ ಐದಾರು ಸಲ ಗುಡಿಸಿ, ಪೊರಕೆಯನ್ನು ತಿರುಗಿಸಿ ನೋಡಿ, ಇನ್ನೊಂದು ಸಲ ಗುಡಿಸಿದಳು. ಕೊನೆಗೆ ಮೇಡಂ ಅವಳ ಕೈ ಮುಟ್ಟಿ ಮುಂದೆ ಹೋಗು ಅಂತ ಸನ್ನೆ ಮಾಡಿದರು. ನಾನು ಬಾಗಿಲ ಹತ್ತಿರ, ಪ್ರತಿ ವರ್ಷ ನಿಲ್ಲುವ ಜಾಗದಲ್ಲೇ, ನಿಂತಿದ್ದೆ.

ಅಂಗಳಕ್ಕೆ ಬಂದ ಮೇಲೆ ಹೆಂಗಸರಲ್ಲಿ ಒಬ್ಬಳು "ಹೋಗ್ಲಿ ಬಿಡೇ ಚೌಡಿ, ಮಕ್ಳು ಆಸೆಗೊಂದು ಹೇಳ್ತವೆ" ಅಂದಳು. ಆ ಸಮಾಧಾನದ ಮಾತೇ ಚೌಡಮ್ಮನಿಗೆ ಹೆಚ್ಚು ತಾಗಿತು. ಮಗಳ ರಟ್ಟೆ ಹಿಡಿದು ಅಲ್ಲಾಡಿಸಿದಳು.

"ಇಷ್ಟು ಜನಾನ ಕರ್ಕಂಡ್ ಬಂದ್ನಲ್ಲೇ! ಮಾತು ಬರ್ದಿದ್ರೂ ಸುಳ್ಳು ಬರ್ತೈತೆ ನಿಂಗೆ. ಬರಾಕಿಲ್ಲ ಅಂದಿದ್ರೆ ನಾನೇನ್ ಬೈತಿದ್ನಾ? ಯಾವತ್ತಾದ್ರೂ ಬೈದಿದೀನಾ?"

"ನ-ನ-ನಾನು..." ಅಂತ ಕಸ್ತೂರಿ ಶುರು ಮಾಡಿದಳು. ಮುಗಿಸುವವರೆಗೆ ಯಾರೂ ಕಾಯಲಿಲ್ಲ. ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಗಾಡಿಯ ಕಡೆ ಹೊರಟುಹೋದಳು.

ಆಗ ನಾನು ಬಾಯಿ ಬಿಡಬೇಕಿತ್ತು. ಎರಡು ಹೆಜ್ಜೆ ಮುಂದೆ ಇಟ್ಟಿದ್ದರೆ ಸಾಕಾಗಿತ್ತು. ಅಷ್ಟರಲ್ಲಿ ಯಾರೋ ಹೆಗಲ ಮೇಲೆ ಕೈ ಹಾಕಿ, ಲಾಭನಷ್ಟದ ಲೆಕ್ಕದಲ್ಲಿ ನಾನು ಆಡಿದ ತಮಾಷೆ ಈ ವರ್ಷದ ಅತ್ಯುತ್ತಮ ಅಂತ ಹೊಗಳಿದರು, ಕೈಗೆ ಕೋಸಂಬರಿಯ ಎಲೆ ಕೊಟ್ಟರು. ತಿಂದೆ. ಹೌದು, ತಿಂದೆ. ಹೆಸರುಬೇಳೆ, ಸೌತೆಕಾಯಿ, ಮೇಲೆ ಇಂಗಿನ ಒಗ್ಗರಣೆ. ರುಚಿಯಾಗಿತ್ತು ಅಂತಲೂ ನೆನಪಿದೆ. ಅಂಗಳದ ಆ ತುದಿಯಲ್ಲಿ ಕಸ್ತೂರಿ ತೊಳೆದ ಬೆಂಚೊಂದರ ಮೇಲೆ ಒಬ್ಬಳೇ ಕೂತಿದ್ದಳು, ಕೈಯಲ್ಲಿ ಇನ್ನೂ ಪೊರಕೆ. ಗಫೂರ್ ಸಾಬರು ಹೋಗಿ ಅದನ್ನು ಮೆಲ್ಲಗೆ ಬಿಡಿಸಿಕೊಂಡು ನನ್ನ ಪಕ್ಕದಲ್ಲೇ ಹಾದುಹೋದರು. ಹೋಗುತ್ತಾ ಒಂದೇ ಮಾತು ಕೇಳಿದರು.

"ಸಾರ್, ಆವತ್ತು ರಿಜಿಸ್ಟರ್ ಸಿಕ್ತಾ?"

ಉತ್ತರಕ್ಕೆ ನಿಲ್ಲಲಿಲ್ಲ. ಅವರು ಅದನ್ನು ಯಾರಿಗೂ ಹೇಳುವವರೂ ಅಲ್ಲ. ನಾನು ಸುಮ್ಮನಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಒಬ್ಬಳು ತೊದಲುವ ಹುಡುಗಿ ಆಸೆಗೊಂದು ಸುಳ್ಳು ಹೇಳಿದಳು ಅಂತ ಊರು ಎರಡು ದಿನ ಮಾತಾಡಿ ಮರೆಯುತ್ತಿತ್ತು. ಅವಳು ಮರೆಯುತ್ತಿರಲಿಲ್ಲ. ಮುಂದಿನ ವರ್ಷ ಅವಳು ಹತ್ತನೇ ತರಗತಿ. ಮತ್ತೆ ನನ್ನ ಮುಂದೆ ಕೂರುತ್ತಾಳೆ. ಭಾನುವಾರ ಇಡೀ ದಿನ ನನ್ನ ಮನೆಯಲ್ಲಿ ನಾನು ಒಂದು ಮಾತೂ ಆಡಲಿಲ್ಲ. ಸೋಮವಾರ ಬೆಳಿಗ್ಗೆ ಗೋಡೆ ಗುಡಿಸಿದ ನನ್ನ ಹೆಂಡತಿ "ಏನೂ ಇಲ್ವಲ್ಲ ಇವತ್ತು, ಹುಷಾರಿಲ್ವಾ ನಿಮಗೆ?" ಅಂತ ಕೇಳಿದಳು. ಒಂದು ಶರ್ಟು ತೆಗೆದುಕೊಂಡು ಇಸ್ತ್ರಿ ಗಾಡಿಗೆ ಹೋದೆ.

ಚೌಡಮ್ಮ ಕೆಂಡ ಊದುತ್ತಿದ್ದಳು. ಕಸ್ತೂರಿ ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದಳು. ತಾಯಿಮಗಳ ನಡುವೆ ಮಾತಿಲ್ಲ ಅನ್ನುವುದು ನೋಡಿದರೇ ಗೊತ್ತಾಗುತ್ತಿತ್ತು. ಶರ್ಟು ಕೊಟ್ಟೆ. ಅವಳು ಅದನ್ನು ಹಾಸಿ, ನೀರು ಚಿಮುಕಿಸಿ, ಇಸ್ತ್ರಿ ಪೆಟ್ಟಿಗೆ ಕೈಗೆತ್ತಿಕೊಂಡಳು.

"ಚೌಡಮ್ಮ, ನಿಮ್ಮ ಮಗಳು ಸುಳ್ಳು ಹೇಳಿಲ್ಲ. ಅವಳು ಹೇಳಿದ್ದು ಗೋಡೇಲಿತ್ತು. ಗುರುವಾರ ನಾನೇ ಗುಡಿಸಿಬಿಟ್ಟೆ."

ಕಸ್ತೂರಿಯ ಕೈ ನಿಂತಿತು. ಚೌಡಮ್ಮನಿಗೆ ಮೊದಲು ಅರ್ಥವಾಗಲಿಲ್ಲ.

"ನೀವ್ಯಾಕೆ ಗುಡಿಸ್ತೀರಿ ಮೇಷ್ಟ್ರೇ? ದಿನಕ್ಕೆ ಮುಂಚೆ?"

"ಅಲ್ಲಿ ನನ್ನದೂ ಒಂದು ಮಾತಿತ್ತು. ಅದು ಯಾರಿಗೂ ಕೇಳಿಸಬಾರದಿತ್ತು."

"ಏನ್ ಮಾತು?"

ಆಗ ಕಸ್ತೂರಿ ನನ್ನ ಮುಖ ನೋಡಿ ಬೇಡ ಅನ್ನುವಂತೆ ತಲೆ ಅಲ್ಲಾಡಿಸಿದಳು. ಏನೋ ಹೇಳಲು ಹೊರಟಳು. ಮಾತು ಬರಲು ಬಹಳ ಹೊತ್ತು ಹಿಡಿಯಿತು. ರಸ್ತೆಯಲ್ಲಿ ಎರಡು ಆಟೋ ಹೋದವು, ಸೈಕಲ್ಲಿನವನೊಬ್ಬ ಬಟ್ಟೆ ಆಯಿತಾ ಅಂತ ಕೇಳಿಕೊಂಡು ಹೋದ. ನಾನು ಕಾದೆ. ಇಡೀ ವರ್ಷದಲ್ಲಿ ಒಂದು ಸಲವಾದರೂ ಹೀಗೆ ಕಾದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

"ಅ-ಅಮ್ಮಂಗೆ ಅದು ಕ-ಕ-ಕೇಳಿಸಬಾರ್ದು ಅಂತಾನೇ ಸರ್, ನಾ-ನಾನು ಅದ್ರ ಮ್-ಮೇಲೆ ನಿಂತ್ಕೊಂಡು ಹೇಳಿದ್ದು."

ಅಂದರೆ ನನ್ನ ಮಾತನ್ನು ಮುಚ್ಚಿದ್ದು ಆಕಸ್ಮಿಕವಲ್ಲ. ಅವಳು ಜಾಗ ನೋಡಿ ನಿಂತಿದ್ದಳು. ಅಮ್ಮನ ಕಿವಿಗೆ ಬೀಳಬಾರದ್ದನ್ನು ತನ್ನ ಪಾಠದಿಂದ ಹೊದಿಸಿದ್ದಳು, ಅದರ ಜೊತೆಗೆ ನನ್ನ ಮರ್ಯಾದೆಯನ್ನೂ. ಚೌಡಮ್ಮ ಮತ್ತೆ ಕೇಳಿದಳು, ಈ ಸಲ ದನಿ ತಗ್ಗಿಸಿ.

"ಏನಂದಿದ್ರಿ ಮೇಷ್ಟ್ರೇ ನನ್ ಮಗಳಿಗೆ?"

ಹೇಳಿದೆ. ಕಾಗೆಯನ್ನೂ ಹೇಳಿದೆ, ತಿಥಿಯನ್ನೂ ಹೇಳಿದೆ, ಎಲೆ ಹಾಕಿಸುವುದನ್ನೂ ಹೇಳಿದೆ. ಹಗಲು ಬೆಳಕಿನಲ್ಲಿ, ರಸ್ತೆಯ ಮಧ್ಯೆ, ಅದು ತಮಾಷೆಯ ಹಾಗೆ ಒಂದಿಷ್ಟೂ ಕೇಳಲಿಲ್ಲ. ಚೌಡಮ್ಮನ ಕೈಯ ಪೆಟ್ಟಿಗೆ ಶರ್ಟಿನ ಮೇಲೇ ಕೂತುಬಿಟ್ಟಿತ್ತು. ಸುಟ್ಟ ವಾಸನೆ ಬಂದಾಗಲೇ ಅವಳು ಪೆಟ್ಟಿಗೆ ಎತ್ತಿದ್ದು. ನನ್ನ ಶರ್ಟಿನ ಜೇಬಿನ ಮೇಲೆ ಕಂದು ಗುರುತು ಕೂತಿತ್ತು. ಅವಳು ಅದನ್ನು ನೋಡಿದಳು, ನಾನೂ ನೋಡಿದೆ.

"ತಪ್ಪಾಯ್ತು ಚೌಡಮ್ಮ" ಅಂದೆ.

"ಇಲ್ಲಿ ಬಯಲಲ್ಲಿ ಅಂದ್ರೆ ಏನ್ ಬಂತು?" ಅಂದಳು. "ಗಾಳಿಗೋಯ್ತು."

ಕಸ್ತೂರಿ ಸ್ಕೂಲಿನ ಕಡೆ ಕೈ ತೋರಿಸಿದಳು. "ಒ-ಒಳಗೆ ಹೇಳಿ ಸರ್."

ಅವಳು ಕೇಳಿದ್ದು ಎಷ್ಟು ದೊಡ್ಡದು ಅಂತ ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಳಗೆ ಹೇಳಿದರೆ ಅದು ಮುಂದಿನ ಮಾರ್ಚ್ ವರೆಗೆ ಗೋಡೆಯಲ್ಲಿ ಇರುತ್ತದೆ, ಆಮೇಲೆ ಇಡೀ ಊರು ಕೇಳುತ್ತದೆ. ಅದೂ ಹೊಸ ಸುಣ್ಣದ ಮೇಲೆ, ಮೊದಲ ಮಾತಾಗಿ. ಮೂವರೂ ಸ್ಕೂಲಿಗೆ ನಡೆದೆವು. ನಾನು ಕೇಳುವ ಮೊದಲೇ ಗಫೂರ್ ಸಾಬರು ಬೀಗದಕೈ ತಂದರು. ಹೆಡ್ ಮೇಡಂ ಆಫೀಸಿನಿಂದ ಎದ್ದು ಬಂದರು.

"ವಿರೂಪಾಕ್ಷಯ್ಯನವರೇ, ಸುಣ್ಣ ಬಳಿದಾಗಿದೆ. ಒಳಗೆ ಮಾತಾಡೋ ಹಾಗಿಲ್ಲ, ಗೊತ್ತಲ್ಲ ನಿಮಗೆ."

ಹೊರಗಿನ ತೆರೆದ ಪಡಸಾಲೆಯಲ್ಲಿ ನಿಂತು ಅವರಿಗೂ ಎಲ್ಲ ಹೇಳಿದೆ. ಇಪ್ಪತ್ತಾರು ವರ್ಷದಲ್ಲಿ ನನ್ನ ತಮಾಷೆಗೆ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ಶಾರದಮಣಿ ಮೇಡಂ. ಕೇಳಿ ಮುಗಿಸಿ, ಕನ್ನಡಕ ತೆಗೆದು ಒರೆಸಿಕೊಂಡರು. ಬಾಗಿಲಿನಿಂದ ಪಕ್ಕಕ್ಕೆ ಸರಿದರು.

"ಮೂರನೇ ಕಿಟಕಿ ಹತ್ತಿರಾನೇ ನಿಂತು ಹೇಳಿ. ಬೇರೆ ಗೋಡೆ ಹಾಳು ಮಾಡಬೇಡಿ" ಅಂದರು. ಆಮೇಲೆ ಇನ್ನೊಂದು ಮಾತು ಸೇರಿಸಿದರು. "ನಾಳೆ ಬಂದಾಗ ಆಫೀಸಿಗೆ ಬರೋದು ಬೇಡ. ಏನಿದ್ದರೂ ಇಲ್ಲಿ ಪಡಸಾಲೇಲೇ ಮಾತಾಡೋಣ."

ಕೋಣೆಯಲ್ಲಿ ಹಸಿ ಸುಣ್ಣದ ವಾಸನೆ. ಬೆಂಚುಗಳಿಲ್ಲದೆ ಅದು ದೊಡ್ಡದಾಗಿ ಕಾಣುತ್ತಿತ್ತು. ಕಿಟಕಿಯ ಹತ್ತಿರ ನಿಂತು, ನನ್ನ ಹೆಸರು ಹೇಳಿ, ಶ್ರಾವಣದಲ್ಲಿ ಆಡಿದ್ದನ್ನು ಹೇಳಿದೆ, ಗುರುವಾರ ಮಾಡಿದ್ದನ್ನು ಹೇಳಿದೆ. ಕಸ್ತೂರಿ ತ್ರಿಭುಜದ ಪ್ರಮೇಯವನ್ನು ಮೊದಲಿನಿಂದ ಕೊನೆಯವರೆಗೆ ಒಂದು ತಪ್ಪಿಲ್ಲದೆ ಇಲ್ಲಿ ಹೇಳಿದ್ದಳು, ಅದನ್ನು ನಾಶ ಮಾಡಿದವನು ನಾನು, ಅವಳು ಸುಳ್ಳುಗಾತಿಯಲ್ಲ ಅಂದೆ. ಸಲೀಸಾಗಿ ಹರಿಯುವ ನನ್ನ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಮುಗಿಸಿ ಹುಡುಗಿಯ ಕಡೆ ತಿರುಗಿದೆ.

"ಇನ್ನೊಂದ್ಸಲ ಹೇಳಮ್ಮ ಕಸ್ತೂರಿ. ನಾವೆಲ್ಲ ಹೊರಗೆ ಹೋಗ್ತೀವಿ. ನೀನೊಬ್ಬಳೇ ಇದ್ದು ಹೇಳು. ಆಮೇಲೆ ಗುಡಿಸಿ ಅಮ್ಮಂಗೆ ಕೇಳಿಸಬಹುದು."

ಎಲ್ಲ ಸರಿಹೋಗುತ್ತದೆ ಅಂತ ನಿಜವಾಗಿಯೂ ಅಂದುಕೊಂಡಿದ್ದೆ. ಅವಳು ನನ್ನನ್ನು ನೋಡಿದಳು. ಒಳಗೆ ಒಂದು 'ಉಹೂಂ' ಕೂಡ ಅನ್ನದೆ ನಡೆದುಕೊಂಡು ಪಡಸಾಲೆಗೆ ಹೋದಳು. ಅಲ್ಲಿ, ಮಾತು ನಿಲ್ಲದ ಜಾಗದಲ್ಲಿ ನಿಂತು ಉತ್ತರ ಕೊಟ್ಟಳು.

"ಒ-ಒಂದ್ಸಲ ಹೇಳಿದ್ದೆ ಸರ್."

ಕೋಣೆಯಲ್ಲಿ ನಾನೂ ಚೌಡಮ್ಮನೂ ಉಳಿದೆವು. ಅವಳು ಮೂರನೇ ಕಿಟಕಿಯ ಗೋಡೆಯನ್ನೇ ನೋಡುತ್ತಿದ್ದಳು. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ನೀವೊಬ್ರೇ ಅಲ್ವಾ ಮೇಷ್ಟ್ರೇ ಕೇಳಿರಾದು" ಅಂದಳು. "ಹೆಂಗಿತ್ತು?"

"ಚೆನ್ನಾಗಿತ್ತು ಚೌಡಮ್ಮ. ಒಂದು ಕಡೇನೂ ನಿಲ್ಲಲಿಲ್ಲ."

"ಅದಲ್ಲ. ಅವಳ ದನಿ. ನಿಲ್ದಂಗೆ ಮಾತಾಡಿದ್ರೆ ಅವಳ ದನಿ ಹೆಂಗಿರ್ತೈತೆ?"

ನೆನಪು ಮಾಡಿಕೊಳ್ಳಲು ನೋಡಿದೆ. ಪ್ರಮೇಯದ ಒಂದೊಂದು ಹಂತವೂ ನೆನಪಿತ್ತು, ನಾಲ್ಕಕ್ಕೆ ನಾಲ್ಕು ಕೊಟ್ಟದ್ದು ನೆನಪಿತ್ತು. ಆ ಅಡಿಯ ಗೊಣಗಿನಲ್ಲಿ ನನ್ನ ದನಿ ಇದೆಯೋ ಇಲ್ಲವೋ ಅಂತ ಕಿವಿಗೊಟ್ಟು ಕೇಳಿದ್ದೆ. ಮೇಲಿನ ದನಿಯನ್ನು ಕೇಳಿರಲೇ ಇಲ್ಲ. ಏನಾದರೂ ಒಂದು ಹೇಳಬಹುದಿತ್ತು. ಜೇನು, ವೀಣೆ ಅಂತ ಏನಾದರೂ ಹೇಳಿದ್ದರೆ ಅವಳು ನಂಬುತ್ತಿದ್ದಳು. ಆದರೆ ನಾವು ಒಳಗೆ ನಿಂತಿದ್ದೆವು.

"ಗೊತ್ತಿಲ್ಲ ಚೌಡಮ್ಮ" ಅಂದೆ. "ಅದು ಅವಳ ದನಿ ಅಂತಾನೇ ನನಗೆ ಗುರುತು ಸಿಗಲಿಲ್ಲ."

ಚೌಡಮ್ಮ ಕಿಟಕಿಯ ಹತ್ತಿರ ಹೋದಳು. ಗುಡಿಸದೆ ಗೋಡೆ ಮಾತಾಡುವುದಿಲ್ಲ ಅಂತ ನಮ್ಮೂರಿನಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಆದರೂ ಅವಳು ತಲೆ ಓರೆ ಮಾಡಿ, ಹಸಿ ಸುಣ್ಣಕ್ಕೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಂತಳು. ಅಲ್ಲಿ ಈಗ ಇದ್ದದ್ದು ನನ್ನ ಮಾತೊಂದೇ.